ಆರು ಕುರ್ಚಿ

ಜನವರಿ 6, ಸೋಮವಾರ. ಬೆಳಿಗ್ಗೆ 11.15

ಸೋಮವಾರದ ಮೇಲ್ ಹೋಯಿತು. ಆರುನೂರ ಹನ್ನೆರಡು ಮಂದಿಗೆ. ಒಂಬತ್ತು ಐಟಂ. ಅಧ್ಯಾಪಕರಿಗೆ ಎರಡು ದಿನದ ಟ್ರೈನಿಂಗ್, ರಕ್ತದಾನ ಶಿಬಿರ, ಪಾರ್ಕಿಂಗ್ ಸ್ಟಿಕರ್, ಸಿಬ್ಬಂದಿಗೆ ಯೋಗ — ಬೆಳಿಗ್ಗೆ ಆರೂವರೆಗಂತೆ. ಮನೆ ಇರುವ ದಾಸರಹಳ್ಳಿಯಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿ ಇಳಿದು ಬೇರೆ ರೈಲು ಹತ್ತಿ ಹೂಡಿ ಕ್ಯಾಂಪಸ್. ನಾನು ಆರೂವರೆಗೆ ಬಂದು ಯೋಗ ಮಾಡಬೇಕಾದರೆ ಹಿಂದಿನ ದಿನವೇ ಹೊರಡಬೇಕು.

ಯಾರು ಓದುತ್ತಾರೆ ಇದನ್ನೆಲ್ಲ? ಹನ್ನೊಂದು ವರ್ಷದಿಂದ ಕಳಿಸುತ್ತಿದ್ದೇನೆ. ಒಂದು ಸಲ ಕೈತಪ್ಪಿ ಫೆಬ್ರವರಿ 30 ಅಂತ ಹಾಕಿದ್ದೆ. ಇಡೀ ಯೂನಿವರ್ಸಿಟಿಯಲ್ಲಿ ಒಬ್ಬರೂ ಕೇಳಲಿಲ್ಲ.

ಕೇಳುವವನು ಅಟೆಂಡರ್ ನರಸಪ್ಪ ಒಬ್ಬನೇ. ಯಾವ ಕಾರ್ಯಕ್ರಮವಾದರೂ ಕುರ್ಚಿ ಹಾಕುವವನು ಅವನು ತಾನೇ. ಪ್ರತಿ ಸೋಮವಾರ ಬಾಗಿಲಲ್ಲಿ ನಿಂತು "ಏನೈತಮ್ಮಾ ಈ ವಾರ?" ಅನ್ನುತ್ತಾನೆ. ಇವತ್ತು ಕೇಳಿ ಆದಮೇಲೂ ನಿಂತೇ ಇದ್ದ. ಮೂವತ್ತೊಂದಕ್ಕೆ ಅವನಿಗೆ ಅರವತ್ತು, ನಿವೃತ್ತಿ. ಅವನ ಹೆಸರೂ ಮೇಲ್‌ನಲ್ಲಿ ಬರುತ್ತದಾ ಅಂತ. ಬರುತ್ತೆ, ಯಾಕೆ ಬರಲ್ಲ ಅಂದೆ.

ಜನವರಿ 9, ಗುರುವಾರ

ನಿವೃತ್ತರ ಪಟ್ಟಿ ತಯಾರು. ಫಿಸಿಕ್ಸ್ ಚನ್ನವೀರಪ್ಪ ಸಾರ್. ಲೈಬ್ರರಿಯ ಅಮ್ಮಣ್ಣಿ ಮೇಡಂ. ಮೂರನೆಯದು ನರಸಪ್ಪ.

ಮೂರನೆಯದನ್ನು ಟೈಪ್ ಮಾಡುವಾಗ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮಾಡಿದೆ. ಯಾಕೆ ನಿಂತಿತು ಅಂತ ಬರೆಯುವ ಮನಸ್ಸಿಲ್ಲ.

ಡೆಪ್ಯುಟಿ ರಿಜಿಸ್ಟ್ರಾರ್ ಮಲ್ಲಿಕ್ ಅವರಿಗೆ ಅಪ್ರೂವಲ್‌ಗೆ ಕಳಿಸಿದ್ದೇನೆ. ನೋಡುವುದಿಲ್ಲ. ಯಾವತ್ತು ನೋಡಿದ್ದಾರೆ?

ಜನವರಿ 13, ಸೋಮವಾರ. ಮಧ್ಯಾಹ್ನ 1.30

ಮೇಲ್ ಹೋಯಿತು. ಐಟಂ ಏಳು: ಬೀಳ್ಕೊಡುಗೆ ಸಮಾರಂಭ, 31, ಶುಕ್ರವಾರ, ಸಂಜೆ ನಾಲ್ಕು, ಸೆಮಿನಾರ್ ಹಾಲ್. ಮೂರು ಹೆಸರು.

ನರಸಪ್ಪ ಪ್ರಿಂಟ್ ಕೇಳಿದ. ಕನ್ನಡದಲ್ಲೂ ಟೈಪ್ ಮಾಡಿ ಕೊಟ್ಟೆ. ತನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

ಇಪ್ಪತ್ತೆರಡು ವರ್ಷದಿಂದ ಈ ಸಮಾರಂಭದಲ್ಲಿ ಶಾಲಿನ ತಟ್ಟೆ ಹಿಡಿದು ನಿಲ್ಲುವವನು ಇವನು. ಶಾಲು, ಪೇಟ, ಹಣ್ಣಿನ ಬುಟ್ಟಿ. ಗಂಡ ಹೆಂಡತಿಯನ್ನು ಸ್ಟೇಜ್ ಮೇಲೆ ಜೋಡಿಯಾಗಿ ಕೂರಿಸಿ ಫೋಟೋ. ಇವನಿಗೆ ಶಾಲಿನ ಆಸೆ ಇಲ್ಲವಂತೆ. ಹೆಂಡತಿ ಅಂಜಿನಮ್ಮ ಆ ಕುರ್ಚಿಯಲ್ಲಿ ಕೂರಬೇಕು, ಅಷ್ಟೇ. ಸೆಮಿನಾರ್ ಹಾಲ್ ಇರುವ ಜಾಗದಲ್ಲಿ ಅವಳು ರಾಗಿ ಕೊಯ್ದವಳು. ಜಮೀನು ಕ್ಯಾಂಪಸ್ ಆದಮೇಲೆ ಗೇಟಿನ ಒಳಗೆ ಕಾಲಿಟ್ಟಿಲ್ಲ. ಪಾಸ್ ಬೇಕಲ್ಲ.

ಜನವರಿ 16, ಗುರುವಾರ

ಅಂಜಿನಮ್ಮ ಒಂದು ಚೀಲ ಅವರೆಕಾಯಿ ಕಳಿಸಿದ್ದಾಳೆ, ಜೊತೆಗೆ ಎಳ್ಳುಬೆಲ್ಲ. ಮೈಸೂರು ಸಿಲ್ಕ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳಂತೆ, ಹೊಸ ರವಿಕೆ ಹೊಲಿಯಲು ಕೊಟ್ಟಿದ್ದಾಳಂತೆ. ಮಗ ಲೋಕೇಶ್ ಅವತ್ತು ಕ್ಯಾಬ್ ಓಡಿಸುವುದಿಲ್ಲವಂತೆ. ಎಷ್ಟು ಖುಷಿ ಮನುಷ್ಯನಿಗೆ! ನನಗೂ ಆಯಿತು.

ಮನೆಯಲ್ಲಿ ಕಾಳು ಹಿಸುಕುತ್ತಾ ಗಂಡನಿಗೆ ಎಲ್ಲ ಹೇಳಿದೆ. ಟೀವಿ ನೋಡುತ್ತಾ ಹೂಂ ಅಂದರು.

ಜನವರಿ 20, ಸೋಮವಾರ. 12.40

ಮಲ್ಲಿಕ್ ಸಾರ್ ಕರೆದರು. ಈಗ ನೋಡಿದ್ದಾರೆ. ನರಸಪ್ಪ ನಮ್ಮ ನೌಕರ ಅಲ್ಲವಂತೆ.

2017ರಲ್ಲಿ ಅಟೆಂಡರುಗಳನ್ನೆಲ್ಲ ಗುತ್ತಿಗೆ ಏಜೆನ್ಸಿಗೆ ವರ್ಗ ಮಾಡಿದ್ದಾರೆ. ಹದಿನಾಲ್ಕು ಜನ ಒಪ್ಪಿ ಸಹಿ ಹಾಕಿದ್ದಾರೆ. ಫೈಲ್ ನನ್ನ ಕಡೆ ತಿರುಗಿಸಿದರು. "ಸೈನ್ ಮಾಡಿಸಿದ್ದು ನೀವೇ ಅಲ್ವಾ, ಶ್ಯಾಮಲಾ ಮೇಡಂ?"

ಹೌದು. ವಾಟರ್ ಕೂಲರ್ ಪಕ್ಕ ನಿಲ್ಲಿಸಿಕೊಂಡು ಮಾಡಿಸಿದ್ದೆ. ಐಡಿ ಕಾರ್ಡ್ ಹೊಸದು ಬರುತ್ತೆ ಅಂತ ಹೇಳಿದ್ದೆ. ನನಗೆ ಹೇಳು ಅಂದಿದ್ದನ್ನು ಹೇಳಿದೆ. ಇಂಗ್ಲಿಷಿನ ಎರಡು ಪುಟ, ಯಾರು ಓದುತ್ತಾರೆ? ಅವರಿಗೂ ಗೊತ್ತಾಗಲಿಲ್ಲ. ಕೆಲಸ ಅದೇ, ನೀಲಿ ಅಂಗಿ ಅದೇ. ಸಂಬಳದ ಸ್ಲಿಪ್ಪಿನ ತಲೆಯ ಮೇಲೆ ಮಾತ್ರ ಬೇರೆ ಹೆಸರು.

ಒಂದು ಶಾಲು ತಾನೇ ಸಾರ್, ನಾನೇ ತರ್ತೀನಿ ಅಂದೆ. ಶಾಲಿನ ಪ್ರಶ್ನೆ ಅಲ್ಲವಂತೆ. "ಸ್ಟೇಜ್ ಮೇಲೆ ಕೂರಿಸಿದ್ರೆ ಫೋಟೋ ಇರತ್ತೆ. ನಾಳೆ ಹದಿನಾಲ್ಕೂ ಜನ ಆ ಫೋಟೋ ಹಿಡ್ಕೊಂಡು ಕೋರ್ಟಿಗೆ ಹೋಗ್ತಾರೆ." ತಿದ್ದುಪಡಿ ಕಳಿಸಬೇಕು. ನರಸಪ್ಪನಿಗೂ ನಾನೇ ಹೇಳಬೇಕು.

ಜನವರಿ 21, ಮಂಗಳವಾರ

ತಿದ್ದುಪಡಿ ಹೋಯಿತು. "13ನೇ ತಾರೀಖಿನ ಪ್ರಕಟಣೆಯ ಐಟಂ ಏಳು, ಕ್ರಮಸಂಖ್ಯೆ ಮೂರನ್ನು ಹಿಂಪಡೆಯಲಾಗಿದೆ." ಹೆಸರು ಕೂಡ ಇಲ್ಲ. ಆರುನೂರ ಹನ್ನೆರಡು ಮಂದಿಯಲ್ಲಿ ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ನರಸಪ್ಪನಿಗೆ ಮೇಲ್ ಐಡಿ ಇಲ್ಲ.

ನಾಳೆ ಹೇಳುತ್ತೇನೆ.

ಜನವರಿ 27, ಸೋಮವಾರ. 11.30

ಬಂದ. ಬಾಗಿಲಲ್ಲಿ ನಿಂತ. ಏನೈತಮ್ಮಾ ಅಂದ. ಹೇಳಲೇಬೇಕು ಅಂತ ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಮೆಟ್ರೋದಲ್ಲಿ ಪಕ್ಕದವಳು ತಿರುಗಿ ನೋಡುವಷ್ಟು.

"ಶುಕ್ರವಾರಕ್ಕೆ ಸ್ಟೇಜ್ ಮ್ಯಾಗೆ ಎಷ್ಟು ಕುರ್ಚಿ ಆಕ್ಲಮ್ಮಾ?"

ಇಬ್ಬರು ನಿವೃತ್ತರು, ಅವರ ಜೋಡಿ. ನಾಲ್ಕು.

ಆರು ಅಂದೆ.

ಥೂ ನನ್ನ ಬಾಯಿಗೆ.

ಜನವರಿ 31, ಶುಕ್ರವಾರ. ಸಂಜೆ 6.10, ಮೆಟ್ರೋ

ಸೀಟು ಸಿಕ್ಕಿದೆ. ಈಗಲೇ ಬರೆದುಬಿಡುತ್ತೇನೆ. ಮನೆಗೆ ಹೋದರೆ ಬರೆಯುವುದಿಲ್ಲ.

ಮೂರೂವರೆಗೆ ಗೇಟಿನಿಂದ ಫೋನ್. ಅಂಜಿನಮ್ಮ ಮತ್ತು ಲೋಕೇಶ್ ಬಂದಿದ್ದಾರೆ, ವಿಸಿಟರ್ ಲಿಸ್ಟಿನಲ್ಲಿ ಹೆಸರಿಲ್ಲ, ಬಿಡಲೋ ಬೇಡವೋ. ಲಿಸ್ಟ್ ಮಾಡುವವಳು ನಾನೇ. ವಿಚಾರಿಸಿ ಹೇಳುತ್ತೇನೆ ಅಂದೆ. ಯಾರನ್ನೂ ವಿಚಾರಿಸಲಿಲ್ಲ.

ಹಾಲ್‌ನಲ್ಲಿ ನರಸಪ್ಪ. ನೀಲಿ ಅಂಗಿ ಇಲ್ಲ. ಬಿಳಿ ಶರಟು, ಜರಿ ಅಂಚಿನ ಪಂಚೆ, ಹಣೆಗೆ ಕುಂಕುಮ. ಆರು ಕುರ್ಚಿ ಹಾಕಿ, ಕೊನೆಯ ಎರಡನ್ನು ಟವೆಲ್ಲಿನಿಂದ ಒರೆಸುತ್ತಿದ್ದ. ಮಲ್ಲಿಕ್ ಸಾರ್ ಒಳಗೆ ಬಂದರು, ಎಣಿಸಿದರು. ನರಸಪ್ಪ, ಎರಡು ಜಾಸ್ತಿ ಇದೆ, ತೆಗಿ ಅಂದರು. ಬೈಯುವ ದನಿಯೇನಲ್ಲ. ಅವನು ಯಾರಿಗೆ ಕುರ್ಚಿ ಹಾಕಿದ್ದ ಅನ್ನುವುದು ಅವರ ತಲೆಯಲ್ಲೇ ಇರಲಿಲ್ಲ.

ನರಸಪ್ಪ ನನ್ನ ಕಡೆ ನೋಡಿದ. ನಾನು ಮೈಕ್ ಸರಿಮಾಡುತ್ತಿದ್ದೆ. ಮೈಕ್ ಸರಿಯಾಗಿಯೇ ಇತ್ತು.

ಒಂದೊಂದು ಕೈಯಲ್ಲಿ ಒಂದೊಂದು ಕುರ್ಚಿ ಎತ್ತಿಕೊಂಡು ಹಿಂದಕ್ಕೆ ಹೋದ. ಗೋಡೆಗೆ ಒರಗಿಸಿಟ್ಟ. ಅಷ್ಟರಲ್ಲಿ ಯಾರೋ ತಟ್ಟೆ ತಾ ಅಂದರು. ತಂದ. ಪಂಚೆ ಉಟ್ಟುಕೊಂಡೇ ತಟ್ಟೆ ಹಿಡಿದು ನಿಂತ. ನಾನು ಹೆಸರು ಓದಿದೆ. ಎರಡೇ ಹೆಸರು. ಚನ್ನವೀರಪ್ಪ ಸಾರ್ ಕಣ್ಣೊರೆಸಿಕೊಂಡರು, ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟೆ ಕೆಳಗಿಟ್ಟು ನರಸಪ್ಪನೂ ತಟ್ಟಿದ.

ಮುಗಿದ ಮೇಲೆ ಬಂದ. ಕೋಪ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮೊದ್ಲೇ ಯೋಳಿದ್ರೆ ಅವ್ಳನ್ನ ಕರ್ಕೊಂಡ್ ಬರ್ತಿರ್ಲಿಲ್ಲ ಅಮ್ಮಾ."

ಜೇಬಿನಿಂದ ಮಡಿಸಿದ ಪ್ರಿಂಟ್ ತೆಗೆದ.

"ಇದು ವಾಪಸ್ ಕೊಡ್ಬೇಕಾ?"

ಬೇಡ ಅಂದೆ. ಈ ತಿಂಗಳಲ್ಲಿ ಅವನಿಗೆ ಹೇಳಿದ ನಿಜ ಅದೊಂದೇ.

ಗೇಟಿನ ಹತ್ತಿರ ಬರುವಾಗ ನೋಡಿದೆ. ಸೆಕ್ಯೂರಿಟಿ ಚೌಕಿಯ ಕಟ್ಟೆ ಮೇಲೆ ಅಂಜಿನಮ್ಮ ಕೂತಿದ್ದಳು. ಮೈಸೂರು ಸಿಲ್ಕ್, ಮುಡಿಯಲ್ಲಿ ಕನಕಾಂಬರ. ಕುರ್ಚಿ ಕೂಡ ಕೊಟ್ಟಿರಲಿಲ್ಲ. ಹಿಂದಕ್ಕೆ ತಿರುಗಿ ಇನ್ನೊಂದು ಗೇಟಿನಿಂದ ಹೊರಗೆ ಬಂದೆ.

ಫೆಬ್ರವರಿ 3, ಸೋಮವಾರ

ಮೇಲ್ ಹೋಯಿತು. ಎಂಟು ಐಟಂ.

ಬಾಗಿಲಿಗೆ ಯಾರೂ ಬರಲಿಲ್ಲ. ಹೊಸ ಅಟೆಂಡರ್ ಹನುಮೇಶ, ಏಜೆನ್ಸಿ ಕಳಿಸಿದ್ದು. ಕೆಲಸ ಇದ್ದರೆ ಫೋನ್ ಮಾಡಿ ಮೇಡಂ ಅಂತ ನಂಬರ್ ಕೊಟ್ಟುಹೋದ.

ಇಪ್ಪತ್ತನೇ ತಾರೀಖು ಬರೆದಿದ್ದನ್ನು ಓದಿದೆ. ಇಂಗ್ಲಿಷಿನ ಎರಡು ಪುಟ, ಯಾರು ಓದುತ್ತಾರೆ ಅಂತ ಬರೆದಿದ್ದೇನೆ. ಯಾರಿಗೆ ಸುಳ್ಳು ಹೇಳುತ್ತಿದ್ದೇನೆ? ಈ ಪುಸ್ತಕ ನನ್ನದು. ಇದನ್ನು ನೋಡುವವರು ಇನ್ಯಾರೂ ಇಲ್ಲ.

ಓದಿದ್ದೆ. ಎರಡೂ ಪುಟ, ಎರಡು ಸಲ. ಅವತ್ತು ಆ ಕಾಗದ ಕೊಟ್ಟವರ ಮೇಜಿನ ಮೇಲೇ ನನ್ನ ಪರ್ಮನೆಂಟ್ ಆರ್ಡರ್ ಸಹಿಗೆ ಕಾಯುತ್ತಿತ್ತು. ವಾಟರ್ ಕೂಲರ್ ಹತ್ತಿರ ನರಸಪ್ಪನೇ ಮೊದಲು ನಿಂತಿದ್ದ. ಏನಮ್ಮಾ ಇದು ಅಂತ ಕೇಳಿದ್ದ. ಐಡಿ ಕಾರ್ಡ್ ಅಂದೆ. ನೀವು ಹೇಳಿದ ಮೇಲೆ ಮುಗೀತು ಅಂದು ಸಹಿ ಹಾಕಿದ. ಅವನು ಹಾಕಿದ್ದು ನೋಡಿ ಉಳಿದ ಹದಿಮೂರು ಜನವೂ ಹಾಕಿದರು.

ಭಾನುವಾರ ಹೂಡಿಯಲ್ಲಿರುವ ಅವನ ಮನೆಗೆ ಹೋಗಿ ಹೇಳುತ್ತೇನೆ. ಅಂಜಿನಮ್ಮನ ಎದುರಿಗೇ.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 11.05

ಹೂಡಿ ಬಂತು. ಬಾಗಿಲು ತೆರೆಯಿತು. ಕೈಯಲ್ಲಿ ಹಣ್ಣಿನ ಚೀಲ, ಎದ್ದೂ ನಿಂತಿದ್ದೆ. ಬಾಗಿಲು ಮುಚ್ಚಿತು.

ಈಗ ಕೊನೆಯ ಸ್ಟೇಷನ್, ಕಾಡುಗೋಡಿ. ಪ್ಲಾಟ್‌ಫಾರ್ಮಿನ ಬೆಂಚು. ಬಾಯಲ್ಲಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತೇನೆ. ಹಾಗೇ ಓದಿ ಹೇಳಿಬಿಡುವುದು. ವಾಪಸ್ ಹೋಗುವ ರೈಲು ನಿಂತಿದೆ. ಹೂಡಿ ಮೇಲೇ ಹೋಗುತ್ತದೆ.

ನರಸಪ್ಪ, ಆ ಕಾಗದದಲ್ಲಿ ಏನಿತ್ತು ಅಂತ ನನಗೆ ಅವತ್ತೇ —