ಎಡಕ್ಕೆ ಹೋದ ಗುಂಡುಗಳು

ರೇಗನ್ಸ್‌ಬರ್ಗ್, ಜರ್ಮನಿ,
ಆಗಸ್ಟ್ ೯

ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಶನಿವಾರ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಕಡಿಮೆ ಬೆಲೆಯ ಮೂರು ಒಂಟಿ ನಳಿಗೆಯ ಬೇಟೆ ಕೋವಿಗಳ ಗುರಿ ಪರೀಕ್ಷೆ ಇತ್ತು. ಎರಡರಲ್ಲಿ ನನ್ನ ಗುಂಡುಗಳು ನಡುವಿಗೇ ಬಿದ್ದವು. ಮೂರನೆಯದರಲ್ಲಿ ಐದೂ ಎಡಕ್ಕೆ ಹೋದವು. "ಸಾರಿ, ನನ್ನ ಕೈಯೇ ಸರಿಯಿಲ್ಲ" ಎಂದೆ. ಮೇಲ್ವಿಚಾರಕಿ ಫ್ರೌ ಹುಬರ್, "ಕೋವಿಯನ್ನೇ ಕೇಳೋಣ" ಎಂದು ನಕ್ಕು, ಅದನ್ನು ಸ್ಟ್ಯಾಂಡಿಗೆ ಬಿಗಿದು ಹೊಡೆದರು. ಆಗಲೂ ಗುಂಡು ಎಡಕ್ಕೇ ಹೋಯಿತು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊನೆ ಬಾಗಿತ್ತು.

ಹತ್ತು ವರ್ಷದ ಹಿಂದೆ ಕೈಲ್ ಮುಹೂರ್ತದ ಹಬ್ಬದಲ್ಲಿ, ಕೋವಿ ಪೂಜೆ ಮುಗಿದ ಮೇಲೆ, ನಮ್ಮ ಮನೆಯ ಕೋವಿಯಿಂದ ತೆಂಗಿನಕಾಯಿಗೆ ಮೂರು ಸಲ ಹೊಡೆದು, ಮೂರೂ ಸಲ ತಪ್ಪಿದ್ದೆ. ಗುಂಡುಗಳು ಎಡಕ್ಕೇ ಹೋಗಿದ್ದವು. "ಸಾಕು, ಇದು ನಿನ್ನ ಕೈಲಾಗೋದಲ್ಲ" ಎಂದು ಎಲ್ಲರೆದುರು ಕೋವಿ ಕಿತ್ತುಕೊಂಡಿರಿ. ಊರಿನಲ್ಲಿ ಮತ್ತೆಂದೂ ನಾನು ಕೋವಿ ಕೇಳಲಿಲ್ಲ.

ದಯವಿಟ್ಟು ಮನೆಯ ಆ ಕೋವಿಯನ್ನು ಮೇಜಿಗೆ ಬಿಗಿದು, ಗುರಿ ಹಲಗೆಗೆ ಐದು ಗುಂಡು ಹೊಡೆದು, ಹಲಗೆಯ ಫೋಟೋ ಕಳುಹಿಸಿ. ಗುಂಡುಗಳು ನಡುವಿಗೆ ಬಿದ್ದಿದ್ದರೆ ತಪ್ಪು ನನ್ನದೇ ಎಂದು ಒಪ್ಪುತ್ತೇನೆ.

ಈ ವರ್ಷದ ಹಬ್ಬಕ್ಕೆ ತಂಗಿ ಬೊಳ್ಳಮ್ಮ ತೆಂಗಿನಕಾಯಿಗೆ ಹೊಡೆಯುತ್ತಾಳಂತೆ. ಅವಳಿಗೆ ಚಿಕ್ಕಪ್ಪನ ಕೋವಿ ಕೊಡಿಸಿ. ಅದರಲ್ಲೂ ತಪ್ಪಿದರೆ, ಇನ್ನೊಂದು ಗುಂಡು ಕೊಡಿ.

ನಿಮ್ಮ ಹಿರಿಯ ಮಗಳು,
ದೇಚಮ್ಮ