ಕಾಯಿ ಕಚ್ಚಿದ ಸುದ್ದಿ

ಮನೆಯಿಂದ,
ಮಾರ್ಚ್ ೯, ಭಾನುವಾರ

ಮನೆಯವರಿಗೆ,

ನೀವು ಕ್ಷೇಮವೆಂದು ನಂಬಿದ್ದೇನೆ. ನೆಗಡಿಯಾದರೂ ಊರಿಗೆಲ್ಲ ಸುದ್ದಿ ಮಾಡುವವರು ನೀವು, ಈ ಸಲದ ಪತ್ರದಲ್ಲಿ ಅದರ ಮಾತೇ ಇಲ್ಲ. ಅತ್ತೆಯ ಮಂಡಿನೋವು ಇದ್ದಂತೆಯೇ ಇದೆ. ನೀವು ಕೇಳಿಲ್ಲ, ಆದರೂ ಹೇಳಿದೆ.

ವೆನಿಲ್ಲಾ ಬಳ್ಳಿ ಕಾಯಿ ಬಿಟ್ಟಿದ್ದನ್ನು ನಿಮ್ಮ ತಂಗಿ ತಿಳಿಸಿದಳಂತೆ. 'ನಾನು ನೆಟ್ಟ ಬಳ್ಳಿ ಕೊನೆಗೂ ನನ್ನ ಮಾತು ಉಳಿಸಿತು, ಮುಂದಿನ ತಿಂಗಳು ಬಂದು ಅಲ್ಲೇ ಇರುತ್ತೇನೆ, ನಿನಗೆ ಹೊಂದಾಣಿಕೆ ಆಗದಿದ್ದರೆ ನಿನ್ನ ಅಣ್ಣನ ಮನೆಗೆ ಹೋಗು' ಎಂದು ಬರೆದಿದ್ದೀರಿ. ಎರಡು ವರ್ಷದ ಹಿಂದೆ ಏಕಾಂತ ಬೇಕೆಂದು ಹೊರಟಾಗ ಹೆಂಡತಿ, ತಾಯಿ ಇಬ್ಬರೂ ನಿಮಗೆ ಭಾರವಾಗಿದ್ದೆವು. ಈಗ ನಾಲ್ಕು ಕಾಯಿ ನಿಮ್ಮನ್ನು ಎಳೆದು ತರುತ್ತಿವೆ. ಸಂತೋಷ.

ನೆಟ್ಟಿದ್ದು ನೀವೇ, ಇಲ್ಲವೆನ್ನುವುದಿಲ್ಲ. ಬಾಲ್ಕನಿಯ ಉರಿಬಿಸಿಲಲ್ಲಿ ನೆಟ್ಟಿರಿ. ಎಲೆ ಹಳದಿಯಾದಾಗ 'ಪಳಗ್ತಾ ಇದೆ' ಎಂದಿರಿ. ಹಳೆಯ ಬೆಡ್‌ಶೀಟು ಕಟ್ಟಿ ನೆರಳು ಮಾಡಿದ್ದು ನಾನು. ಕಂಬಕ್ಕೆ ನಾರು ಸುತ್ತಿ ಬೇರಿಗೆ ಹಿಡಿತ ಕೊಟ್ಟು, ದಿನಾ ನೀರು ಚಿಮುಕಿಸಿ, ತುದಿ ಮುಟ್ಟಿದ ಬಳ್ಳಿಯನ್ನು ಮುರಿಯದಂತೆ ಬಗ್ಗಿಸಿ ಕೆಳಗಿಳಿಬಿಟ್ಟಿದ್ದೂ ನಾನೇ, ಹಾಗೆ ಮಾಡಿದರೇ ಅದು ಹೂ ಬಿಡುವುದು. ನೀವು ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ತೋರಿಸಿದಿರಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೈ ನನ್ನದು, ಬಾಯಿ ನಿಮ್ಮದು.

ಬಳ್ಳಿ ಕೊಟ್ಟ ದಿನವೇ ನರ್ಸರಿಯವನು ನಮ್ಮಿಬ್ಬರೆದುರು ಹೇಳಿದ್ದ: 'ಈ ಹೂಗೆ ಇಲ್ಲಿ ಯಾವ ಹುಳಾನೂ ಬರಲ್ಲ ಸಾರ್. ಅರಳಿದ ಬೆಳಿಗ್ಗೆನೇ ಕೈಯಿಂದ ಪರಾಗ ಮುಟ್ಟಿಸ್ಬೇಕು, ಇಲ್ಲಾಂದ್ರೆ ಕಾಯಿ ಕಚ್ಚಲ್ಲ.' ನೀವು ನಕ್ಕು, 'ಗಿಡದ ಸಂಸಾರದಲ್ಲಿ ನಾವ್ಯಾಕೆ ತಲೆ ಹಾಕೋದು' ಎಂದಿರಿ. ವರ್ಷ ವರ್ಷ ಹೂ ಅರಳಿ ಮಧ್ಯಾಹ್ನಕ್ಕೆ ಬಾಡಿ ಬಿತ್ತು. ನಾನು ಹಲ್ಲುಕಡ್ಡಿ ಹಿಡಿದು ಹೋದರೆ 'ಮುಟ್ಬೇಡ, ಕೆಡಿಸ್ತೀಯ' ಎಂದು ಗದರಿದಿರಿ. ನಮ್ಮ ಸಂಸಾರವನ್ನೂ ಹಾಗೇ ನಡೆಸಿದಿರಿ ಬಿಡಿ. ಎಲ್ಲ ತಾನಾಗಿ ಆಗಬೇಕು, ಆಗದಿದ್ದರೆ ತಪ್ಪು ನನ್ನದು.

ನೀವು ಹೋದ ಮೇಲೆ ಮತ್ತೆ ಹೂ ಬಂತು. ಸ್ಟೂಲು ಹತ್ತಿ, ಕಡ್ಡಿಯಿಂದ ಹೂವಿನೊಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಸ್ಟೂಲು ಹಿಡಿದವರು ಅತ್ತೆ. ಮೊದಲ ಹೂ ಹಾಳಾಯಿತು. ಉಳಿದವು ಬಾಡಿದರೂ ಉದುರಲಿಲ್ಲ, ಕಾಯಿ ಕಚ್ಚಿದ್ದವು. ಅದನ್ನು ನೋಡಿ ನಾವಿಬ್ಬರೂ ಅಲ್ಲೇ ನೆಲದ ಮೇಲೆ ಕೂತು ನಕ್ಕೆವು. ಈ ಮನೆಯಲ್ಲಿ ಅಷ್ಟು ನಕ್ಕ ನೆನಪು ನನಗಿಲ್ಲ.

ಕಾಯಿಯನ್ನು ಇನ್ನು ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಬೇಕು. ಆಮೇಲಷ್ಟೇ ಪರಿಮಳ. ಅದನ್ನೂ ನಾವೇ ಮಾಡಿಕೊಳ್ಳುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಏಕಾಂತ ನಿಮಗೆ ಚೆನ್ನಾಗಿ ಮೈಗೂಡಲಿ.

ಇಂತಿ,
ನಿಮ್ಮ ಮನೆಯಾಕೆ

ವಿ.ಸೂ.: ನನ್ನ ಮಾತನ್ನು ನೀವು ಲೆಕ್ಕಕ್ಕಿಡುವುದಿಲ್ಲ, ಗೊತ್ತು. ಪತ್ರ ಮಡಚುತ್ತಿದ್ದೆ, ಅತ್ತೆ ತಡೆದು ಇದನ್ನು ಬರೆಸಿದರು: 'ಮನೆ ನನ್ನ ಹೆಸರಲ್ಲಿದೆ. ಇವಳು ಎಲ್ಲಿಗೂ ಹೋಗಲ್ಲ. ನೀನು ಬರೋದಾದ್ರೆ ನೆಂಟನ ಹಾಗೆ ಬಾ, ಊಟ ಮಾಡು, ಸಂಜೆ ಬಸ್ಸಿಗೆ ಹೊರಡು.'