ಹೈದರಾಬಾದಿಗೆ ಹೋದ ಬಟ್ಟಲು

ರಾಯಚೂರು
ಸೋಮವಾರ, ೫ ಫೆಬ್ರವರಿ ೨೦೨೪

ಮಾನ್ವಿಯಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಹೆಂಡತಿ ಸುವಾರ್ತಮ್ಮನಿಗೆ, ಗಂಡ ಪ್ರಭುದಾಸ ಮಾಡುವ ವಂದನೆಗಳು.

ವಂದನೆ ಎಂದು ಓದಿ ನೀನು ನಗುತ್ತೀಯ, ನಗು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ನಿನಗೆ ವಂದನೆ ಹೇಳುತ್ತಿರುವುದು ಇದೇ ಮೊದಲು. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದೆ. ನೀನು ಬಂದರೆ ಮಾತ್ರ “ಲಗೂ ಒಳಗ ನಡಿ” ಅನ್ನುತ್ತಿದ್ದೆ.

ಫೋನ್ ಮಾಡಿದರೆ ನೀನು ಎರಡು ಮಾತಿಗೇ ಇಟ್ಟುಬಿಡುತ್ತೀಯ. ಹಿಂದಿನ ಸಲ ಹೇಳಿದೆ: “ನೀವು ಬಾಯಿ ತೆರದ್ರ ಗೆದ್ದಬಿಡ್ತೀರಿ. ಏನರ ಹೇಳೂದಿದ್ರ ಬರದು ಕಳಸ್ರಿ. ಬರದ ಸುಳ್ಳು ಹಾಳ್ಯಾಗ ಕುಂತಿರ್ತದ, ಎಲ್ಲೂ ಓಡಿಹೋಗಂಗಿಲ್ಲ.” ಹಿಂದೆ ನಿನ್ನ ತಮ್ಮ ಕಿರಣಕುಮಾರ ಕೆಮ್ಮಿದಂತೆ ಮಾಡಿ ನಕ್ಕಿದ್ದೂ ಕೇಳಿಸಿತು. ಆಗಲಿ, ಬರೆಯುತ್ತೇನೆ.

ಮೊದಲು ಸುದ್ದಿ. ನಿನ್ನೆ, ತಿಂಗಳ ಮೊದಲನೆಯ ಭಾನುವಾರ, ಕರ್ತನ ಭೋಜನದ ಮೇಜಿನ ಮೇಲೆ ದೊಡ್ಡ ಬಟ್ಟಲು ಬಂತು. ಮೂವತ್ತೆಂಟು ಜನ ಅದೊಂದರಲ್ಲೇ ದ್ರಾಕ್ಷಾರಸ ಕುಡಿದರು. “ಆ ಬಟ್ಲಾ ಮೇಜಿನ ಮ್ಯಾಲ ಬಂದ ದಿನಾ ನಾನೂ ಬರ್ತೀನಿ” ಎಂದು ನೀನು ಹೊಸ್ತಿಲಲ್ಲಿ ನಿಂತು ಹೇಳಿ ಹದಿಮೂರು ತಿಂಗಳಾಯಿತು. ನಾನು ನೆನಪಿಸುತ್ತಿಲ್ಲ, ಬರೆದಿಡುತ್ತಿದ್ದೇನೆ ಅಷ್ಟೇ.

ಅದು ಹೇಗೆ ಬಂತು ಎಂದು ಹೇಳಬೇಕಾದರೆ ಅದು ಹೇಗೆ ಹೋಯಿತು ಎಂಬುದರಿಂದ ಶುರು ಮಾಡಬೇಕು. ನಿನಗೆ ಗೊತ್ತಿರುವ ಸಂಗತಿಯೇ. ಆದರೆ ನನ್ನ ಬಾಯಿಂದ ಕೇಳಿದ್ದೀಯ, ನನ್ನ ಕೈಬರಹದಲ್ಲಿ ನೋಡಿಲ್ಲ.

ಕೊರೊನಾ ಬಂದಾಗ ಬಟ್ಟಲು ಕಪಾಟು ಸೇರಿತು. ನಾನೇ ಹತ್ತು ಡಜನ್ ಸಣ್ಣ ಗಾಜಿನ ಕಪ್ಪು ತಂದುಕೊಟ್ಟೆ, ಒಬ್ಬೊಬ್ಬರಿಗೆ ಒಂದೊಂದು. ಆಗ ಅದು ಸರಿ ಇತ್ತು, ನೀನೂ ಒಪ್ಪಿದ್ದೆ. ಕೊರೊನಾ ಹೋಯಿತು. ಅದಾದ ಮೇಲೆ ಹುಲಿಗೆಪ್ಪನ ತಮ್ಮ ಮ್ಯಾನ್‌ಹೋಲಿಗೆ ಇಳಿದು, ಗ್ಯಾಸಿನಿಂದ ಉಸಿರುಕಟ್ಟಿ ಸತ್ತ. ಇಳಿಸಿದ ಗುತ್ತಿಗೆದಾರ ಊರು ಬಿಟ್ಟ. ನಮ್ಮ ಚರ್ಚಿನವರು ಒಂಬತ್ತು ದಿನ ರಸ್ತೆಯಲ್ಲಿ ಧರಣಿ ಕೂತರು. ಶಾಮಿಯಾನ ನನ್ನ ಬಾಡಿಗೆ ಅಂಗಡಿಯದು, ಜಮಖಾನ ನನ್ನದು, ಮೈಕು ನನ್ನದು, ಮೈಕಿನೊಳಗಿನ ಮಾತು ಮುಕ್ಕಾಲು ಪಾಲು ನನ್ನದು. ಹತ್ತನೆಯ ದಿನ ಪರಿಹಾರದ ಆದೇಶ ಬಂತು. ಆಮೇಲೆ ಹುಲಿಗೆಪ್ಪ, ಅವನ ಹೆಂಡತಿ ಯಂಕಮ್ಮ, ಅವರ ಜೊತೆ ಚರಂಡಿ ಕೆಲಸ ಮಾಡುವ ಇನ್ನೂ ನಾಲ್ಕು ಮನೆಯವರು ನಮ್ಮ ಚರ್ಚಿಗೆ ಬರತೊಡಗಿದರು. ಅವರನ್ನು ಕೈಹಿಡಿದು ಒಳಗೆ ಕರೆತಂದು ನಿನ್ನ ಚಾಪೆಯ ಮೇಲೆ ಕೂರಿಸಿಕೊಂಡವಳು ನೀನು. ಬಾಗಿಲಲ್ಲಿ ಕೈಮುಗಿದವನು ನಾನು.

ಮುಂದಿನ ಕಮಿಟಿಯಲ್ಲಿ ಪಾದ್ರಿ ಅಯ್ಯನವರು ಬಟ್ಟಲನ್ನು ಮತ್ತೆ ತರೋಣ ಎಂದರು. ನಾನು ಎದ್ದು ಎಂಟು ನಿಮಿಷ ಮಾತಾಡಿದೆ. ಬಿ.ಪಿ., ಶುಗರು, ಕೆಮ್ಮು, ಕ್ಷಯ, ವಯಸ್ಸಾದವರು, ಎಳೆಯ ಮಕ್ಕಳು. ಬಟ್ಟಲಿನ ಬೆಳ್ಳಿಯ ಲೇಪ ಎದ್ದಿದೆ, ನಾನೇ ಹೈದರಾಬಾದಿಗೆ ಕಳಿಸಿ ಹೊಸ ಲೇಪ ಹಾಕಿಸುತ್ತೇನೆ, ಅಲ್ಲಿಯವರೆಗೆ ಸಣ್ಣ ಕಪ್ಪೇ ಇರಲಿ. ಏಳು ಕೈ ನನ್ನ ಪರ ಎದ್ದವು. ವಿರುದ್ಧ ಎರಡು: ಅಯ್ಯನವರದೊಂದು, ನಿನ್ನದೊಂದು.

ಆ ಸಂಜೆ ಅಡುಗೆಮನೆಯಲ್ಲಿ ನೀನು ಕೇಳಿದ್ದನ್ನು ನಾನು ಮರೆತಿದ್ದೇನೆ ಎಂದುಕೊಳ್ಳಬೇಡ. “ಎರಡ ಸಾವಿರ ಲೋಟಾ ಬಾಡಿಗಿ ಕೊಡ್ತೀರಿ. ಯಾವ ಲೋಟಕ್ಕ ಯಾರ ಬಾಯಿ ಹತ್ತ್ಯಾದ ಅಂತ ಎಂದರ ಕೇಳೀರೇನು? ಯಂಕಮ್ಮನ ಮನಿಯವ್ರು ಬರದ ಇದ್ರ ಈ ಬಿ.ಪಿ. ಶುಗರು ಎಲ್ಲಿ ಇರ್ತಿತ್ತು?” ನಾನು ಡಾಕ್ಟರರ ಮಾತು ಎಂದೆ. ಯಾವ ಡಾಕ್ಟರು ಎಂದೆ ನೀನು. ನಾನು ಒಂದು ಹೆಸರಿಗೆ ತಡಕಾಡಿದ್ದನ್ನು ನೀನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೋದ ವರ್ಷ ಜನವರಿಯಲ್ಲಿ ನೀನು ಮಾನ್ವಿಗೆ ಹೋದೆ. ಊರಿಗೆ ನಾನು ಹೇಳಿದ್ದು, ತಮ್ಮನ ಮಗಳ ಬಾಣಂತನಕ್ಕೆ ಎಂದು. ಕೂಸು ಈಗ ಓಡಾಡುತ್ತಿರಬೇಕು. ಊರಿನವರು ಬಾಣಂತನ ಇನ್ನೂ ಮುಗಿದಿಲ್ಲವೇ ಎಂದು ಕೇಳುವುದನ್ನೂ ಬಿಟ್ಟಿದ್ದಾರೆ.

ಈಗ ಕಳೆದ ತಿಂಗಳ ಕಥೆ. ಕವಿತಾಳದ ಆಚೆ ಹುಲಿಗೆಪ್ಪನ ಹೆಂಡತಿಯ ತವರು. ಅಲ್ಲಿಯ ಚಹಾದ ಹೋಟೆಲಿನಲ್ಲಿ ಇವರ ಜನಕ್ಕೆ ಬೇರೆ ಲೋಟ, ಕುಡಿದವರೇ ತೊಳೆದಿಡಬೇಕು ಎಂದು ದೂರು ಬಂತು. ಅಯ್ಯನವರು, ಹುಲಿಗೆಪ್ಪ, ನಾನು, ಇನ್ನಿಬ್ಬರು ಮನವಿ ಪತ್ರ ಹಿಡಿದು ಹೋದೆವು. ನಮ್ಮಪ್ಪನನ್ನು ನೆನೆಸಿಕೊಂಡೇ ಬಸ್ಸು ಹತ್ತಿದ್ದೆ. ದೇವದುರ್ಗದ ಸಂತೆಯ ದಿನ ಅಪ್ಪನಿಗೆ ಚಹಾ ಕೊಡುತ್ತಿದ್ದ ಲೋಟ ಹೋಟೆಲಿನ ಹೊರಗೆ ಚಪ್ಪರದ ಬಿದಿರಿಗೆ ಸಿಕ್ಕಿಸಿರುತ್ತಿತ್ತು. ಅದನ್ನು ತಾನೇ ತೆಗೆದು, ತಾನೇ ಒರೆಸಿ, ಎರಡು ಮೊಳ ಮೇಲಿನಿಂದ ಸುರಿದ ಚಹಾವನ್ನು ಹಿಡಿಯಬೇಕಿತ್ತು. ಚರ್ಚಿಗೆ ಬಂದ ಮೊದಲ ವರ್ಷ, ಊರಿನ ದೊಡ್ಡ ಮಾಸ್ತರು ಕುಡಿದಿಟ್ಟ ಇದೇ ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಗಾಬರಿಯಾಗಿ ಕೆಳಗೆ ಹಾಕಿದ. ಅಂಚಿನಲ್ಲಿ ಬಿದ್ದ ಆ ನೆಗ್ಗು ಇವತ್ತಿಗೂ ಇದೆ. “ಅವತ್ತ ನನ್ನ ಯಾರೂ ಬೈಲಿಲ್ಲಪ್ಪಾ, ಮತ್ತ ತುಂಬಿ ಕೊಟ್ರು” ಎಂದು ಸಾಯುವವರೆಗೆ ಹೇಳುತ್ತಿದ್ದ. ಇದು ನಿನಗೆ ಸಾವಿರ ಸಲ ಕೇಳಿ ಸಾಕಾದ ಕಥೆ. ನಾನೇ ಹೇಳಿದ್ದು.

ಹೋಟೆಲಿನ ಬೂದೆಪ್ಪ ನಮ್ಮನ್ನು ನೋಡಿ ಹೆದರಲಿಲ್ಲ. ಕೂರಿಸಿದ, ಐದೂ ಜನಕ್ಕೆ ಚಹಾ ತಂದ. ಎಲ್ಲವೂ ಕಾಗದದ ಕಪ್ಪು. “ನೋಡ್ರಿ ಸಾಹೇಬ್ರ, ಲೋಟದ ಜಗಳನ ಬ್ಯಾಡಂತ ನಿನ್ನಿಯಿಂದ ಎಲ್ಲಾರಿಗೂ ಪೇಪರ್ ಕಪ್ ಮಾಡೀನಿ. ಗೌಡ್ರಿಗೂ ಅದ, ಇವ್ರಿಗೂ ಅದ. ಕುಡೀರಿ, ಒಗೀರಿ. ಈಗ ಕೆಮ್ಮು ಭಾಳ ಬಂದಾವ, ಶುಗರ್ ಮಂದಿ ಹೆಚ್ಚಾಗ್ಯಾರ. ಯಾರ ಎಂಜಲಾ ಯಾರಿಗೂ ಬ್ಯಾಡ. ಇದರಾಗ ಭೇದ ಎಲ್ಲದ, ನೀವ ಹೇಳ್ರಿ.”

ಸುವಾರ್ತಾ, ಒಂದೇ ಒಂದು ಮಾತೂ ಬಿಡದೆ ಅದು ನನ್ನ ಭಾಷಣ. ನನ್ನದು ಎಂಟು ನಿಮಿಷ, ಅವನದು ಅರ್ಧ ನಿಮಿಷ. ಅಷ್ಟು ಮಟ್ಟಿಗೆ ಅವನು ನನಗಿಂತ ಜಾಣ.

ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತು, ಅದು ಶುರುವಾದ ಮೇಲೆ ನನ್ನನ್ನೂ ಕೇಳುವುದಿಲ್ಲ. ಎದ್ದು ನಿಂತು ಹೇಳಿದೆ: “ಬೂದೆಪ್ಪಾ, ಇದು ಭೇದ ಹೋಗಿದ್ದಲ್ಲ, ಭೇದಕ್ಕ ಮುಚ್ಚಳಾ ಹಾಕಿದ್ದು. ಹುಲಿಗೆಪ್ಪ ಕುಡದ ಸ್ಟೀಲ್ ಲೋಟಾ ನಿನ್ನ ಕೈಯಿಂದ ತೊಳದು ಗೌಡ್ರಿಗಿ ಚಹಾ ಕೊಟ್ಟ ದಿನಾ ನಾವು ಈ ಮನವಿ ಹರದು ಒಗೀತೀವಿ.” ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಬೂದೆಪ್ಪ ತಲೆ ಕೆರೆದುಕೊಂಡು, ವಿಚಾರ ಮಾಡುತ್ತೇನೆ ಎಂದ. ಅಯ್ಯನವರು ನನ್ನ ಮುಖವನ್ನೇ ನೋಡುತ್ತಿದ್ದರು. ಚಪ್ಪಾಳೆ ಹೊಡೆಯಲಿಲ್ಲ.

ವಾಪಸ್ ಬಸ್ಸಿನಲ್ಲಿ ಹುಲಿಗೆಪ್ಪ ನನ್ನ ಪಕ್ಕ ಕೂತ. ಮಾನ್ವಿ ಹತ್ತಿರ ಬಂದಾಗ ಕೇಳಿದ: “ಅಣ್ಣಾರ, ಮಾತು ಭಾಳ ಛಲೋ ಆಡಿದ್ರಿ. ಒಂದು ಕೇಳಲ್ರಿ? ಹೈದರಾಬಾದಿಗಿ ಹೋದ ನಮ್ಮ ಬಟ್ಲಾ ಇನ್ನಾ ಬಂದಿಲ್ಲೇನ್ರಿ?” ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ. ‘ನಮ್ಮ’ ಎಂದ ಅಷ್ಟೇ. ಬರ್ತದಪ್ಪ ಎಂದೆ. ಬಸ್ಸು ಮಾನ್ವಿಯಲ್ಲಿ ಹತ್ತು ನಿಮಿಷ ನಿಂತಿತು. ನಿನ್ನ ತಮ್ಮನ ಮನೆ ನಿಲ್ದಾಣದಿಂದ ನಾನೂರು ಹೆಜ್ಜೆ. ಇಳಿಯಲಿಲ್ಲ. ಏನೆಂದು ಇಳಿಯಲಿ?

ಮೊನ್ನೆ ಶನಿವಾರ ಅಯ್ಯನವರ ಮನೆಗೆ ಹೋಗಿ ಬಟ್ಟಲನ್ನು ಮೇಜಿನ ಮೇಲಿಟ್ಟೆ. ಹೈದರಾಬಾದಿನಿಂದ ಬಂತು ಎಂದೆ. ಫಳಫಳ ಹೊಳೆಯುತ್ತಿತ್ತು. ಅವರು ತಿರುಗಿಸಿ ತಿರುಗಿಸಿ ನೋಡಿ, “ಕೆಲಸಾ ಛಲೋ ಮಾಡ್ಯಾರ” ಎಂದರು. ನೆಗ್ಗನ್ನು ಮಾತ್ರ ಹಾಗೇ ಬಿಟ್ಟಿದ್ದಾರಲ್ಲ ಎಂದರು. ನಾನೇ ಬಿಡಿ ಎಂದು ಹೇಳಿದ್ದೆ ಎಂದೆ. ಕಮಿಟಿ ಕರೆಯೋಣವೇ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಲೆಕ್ಕಾಚಾರವನ್ನೂ ಹೇಳಿಬಿಡುತ್ತೇನೆ. ನೀನು ಹೇಗೂ ಕಂಡುಹಿಡಿಯುತ್ತೀಯ. ಮೇಜಿನ ಸಾಮಾನು ನೋಡಿಕೊಳ್ಳುವವನು ನಾನು, ರೂಢಿಯ ಪ್ರಕಾರ ಅಯ್ಯನವರ ನಂತರ ಕುಡಿಯುವವನೂ ನಾನೇ. ಅಂದರೆ ಬಟ್ಟಲೂ ಬಂದಂತಾಯಿತು, ನಾನು ಎಲ್ಲರಿಗಿಂತ ಮೊದಲು ಕುಡಿದು ಪಾರಾದಂತೆಯೂ ಆಯಿತು. ನಿನಗೆ ಕಾಗದ ಬರೆಯಲು ವಿಷಯವೂ ಸಿಕ್ಕಿತು. ಇಂಥ ವ್ಯಾಪಾರ ನಾನು ಬಹಳ ಮಾಡಿದ್ದೇನೆ.

ನಿನ್ನೆ ಅಯ್ಯನವರು ರೊಟ್ಟಿ ಮುರಿದರು, ಬಟ್ಟಲು ಎತ್ತಿದರು, ತಾವು ಕುಡಿದರು. ನಾನು ಮುಂದೆ ಹೆಜ್ಜೆ ಇಡುವುದರೊಳಗೆ, ಇವತ್ತು ಹೊಸಬರು ಮೊದಲು ಬರಲಿ ಎಂದರು.

ಮೇಜಿಗೆ ಅಡ್ಡಲಾಗಿ ನಿಂತ ಕಟ್ಟಿಗೆಯ ಕಟಾಂಜನದ ಮುಂದೆ ಒಂದು ಸಾಲಿಗೆ ಎಂಟು ಜನ ಮೊಣಕಾಲೂರಬಹುದು. ಹೊಸಬರು ಏಳು ಜನ ಬಂದರು. ಎಡಗಡೆಯ ಕೊನೆಗೆ ಯಂಕಮ್ಮ, ಅವಳ ಆಚೆ ಒಂದು ಜಾಗ ಖಾಲಿ. ಆ ಜಾಗಕ್ಕೆ ಯಾರೂ ಏಳಲಿಲ್ಲ. ಕಮಿಟಿಯಲ್ಲಿ ನನ್ನ ಪರ ಎದ್ದ ಏಳೂ ಕೈಗಳು ಬೆಂಚಿನ ಮೇಲೆ ತಣ್ಣಗೆ ಕೂತಿದ್ದವು. ಹುಲಿಗೆಪ್ಪ ಮೊಣಕಾಲ ಮೇಲಿದ್ದವನು ಹಿಂತಿರುಗಿ ನೋಡಿದ. ನನ್ನನ್ನಲ್ಲ, ಆ ಖಾಲಿ ಜಾಗವನ್ನು.

ಹೋಗಿ ಮೊಣಕಾಲೂರಿದೆ. ನನ್ನನ್ನು ನೋಡಿ ಯಂಕಮ್ಮ ಏಳಲು ಹೋದಳು. ಬಟ್ಟಲು ಬಲಗಡೆಯಿಂದ ಬರುತ್ತಿತ್ತು. ಜಾಗ ಬದಲಿಸಿದರೆ ನಾನು ಅವಳಿಗಿಂತ ಮುಂಚೆ ಆಗುತ್ತಿದ್ದೆ. ಸಣ್ಣ ದನಿಯಲ್ಲಿ ಹೇಳಿದಳು: “ನೀವು ಈ ಕಡಿ ಬರ್ರಿ ಯಪ್ಪಾ. ಮೊದ್ಲ ತೊಗೋರಿ. ನಾ ಆಮ್ಯಾಗ ತೊಗೋತೀನಿ, ನನಗೇನ ಬ್ಯಾಸರಿಲ್ಲ.”

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸುವಾರ್ತಾ. ದೊಡ್ಡವರಿಗೆ ಜಾಗ ಬಿಟ್ಟಳು ಎಂದುಕೊಳ್ಳುತ್ತಿದ್ದರು. ನಾನು ಎಂಟು ನಿಮಿಷ ಮಾತಾಡಿ ಗೆದ್ದುಕೊಂಡದ್ದನ್ನು ಅವಳು ಒಂದೇ ಮಾತಿನಲ್ಲಿ ನನಗೆ ಸುಮ್ಮನೆ ಕೊಡುತ್ತಿದ್ದಳು. ನಾಚಿಕೆ ಅಂದರೆ ಏನೆಂದು ನನಗೆ ಆಗ ತಿಳಿಯಿತು. “ಅಲ್ಲೇ ಇರವ್ವಾ. ನೀ ಮುಂದ, ನಾ ಹಿಂದ” ಎಂದೆ.

ಅವಳು ಕುಡಿದಳು. ಅಯ್ಯನವರು ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ರೂಢಿಯಂತೆ ಒಂದಿಷ್ಟು ತಿರುಗಿಸಿ ನನಗೆ ಹಿಡಿದರು. ತುಟಿಗೆ ಬಂದದ್ದು ಅಪ್ಪನ ನೆಗ್ಗು. ನಾನು ದೊಡ್ಡ ಮನುಷ್ಯನಾದೆ ಎಂದು ಬರೆಯಲಾರೆ. ಕಣ್ಣು ಮುಚ್ಚಿದೆ, ಕುಡಿದೆ. ಆಮೇಲೆ ತಿಳಿದದ್ದು ಒಂದೇ: ರಸಕ್ಕೆ ಸಕ್ಕರೆ ವಿಪರೀತವಾಗಿತ್ತು. ನೀನು ಹೋದಾಗಿನಿಂದ ಅದನ್ನು ಯಾರು ಯಾರೋ ಕುದಿಸುತ್ತಾರೆ, ಒಬ್ಬರಿಗೂ ಹದ ಗೊತ್ತಿಲ್ಲ. ನನ್ನ ಹಿಂದೆ ಎರಡನೆಯ ಸಾಲು ಎದ್ದಿತು, ಮೂರನೆಯದೂ ಎದ್ದಿತು. ಇಬ್ಬರು ಎದ್ದು ಹೊರಗೆ ಹೋದರು. ಅವರ ಮನೆಗೆ ಹೋಗುತ್ತೇನೆ, ಆದರೆ ಈ ಸಲ ಭಾಷಣ ಒಯ್ಯುವುದಿಲ್ಲ.

ಮುಂದಿನ ಕರ್ತನ ಭೋಜನ ಮಾರ್ಚ್ ಮೂರಕ್ಕೆ. ಆ ಹೊತ್ತಿಗೆ ಕಪ್ಪು ದ್ರಾಕ್ಷಿ ಚೆನ್ನಾಗಿ ಬಂದಿರುತ್ತದೆ. ಎಷ್ಟು ದ್ರಾಕ್ಷಿಗೆ ಎಷ್ಟು ನೀರು, ಎಷ್ಟು ಹೊತ್ತು ಕುದಿಸಬೇಕು ಎಂದು ಬರೆದು ಕಳಿಸು. ಬರೆಯುವುದು ತ್ರಾಸಾದರೆ ಬಂದು ತೋರಿಸು. ನಾನು ಬಸ್ ನಿಲ್ದಾಣದಲ್ಲಿ ಇರುತ್ತೇನೆ.

ಇಂತಿ,
ಮಾತು ಮುಗಿದು ಕೂತಿರುವ ನಿನ್ನ ಗಂಡ
ಪ್ರಭುದಾಸ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಟು ಕಿತ್ತಿದ್ದರೆ ಕಿರಣಕುಮಾರನನ್ನು ಬೈಯಬೇಡ. ಬರೆದ ಸುಳ್ಳು ಹಾಳೆಯಲ್ಲಿ ಕೂತಿರುತ್ತದೆ ಎಂದೆಯಲ್ಲ, ಅದು ಅಲ್ಲಿಂದ ನನ್ನನ್ನೇ ನೋಡುತ್ತಿದೆ. ಬಟ್ಟಲು ಹೈದರಾಬಾದಿಗೆ ಹೋಗಿಯೇ ಇರಲಿಲ್ಲ. ಕಮಿಟಿ ಮುಗಿದ ಮರುದಿನವೇ ಹರಿದ ಮೇಜುಬಟ್ಟೆಯಲ್ಲಿ ಸುತ್ತಿ, ನಮ್ಮ ಗೋದಾಮಿನಲ್ಲಿ ದೊಡ್ಡ ಹಂಡೆಗಳ ಹಿಂದಿನ ಟ್ರಂಕಿನೊಳಗೆ ಇಟ್ಟಿದ್ದೆ. ಮೊನ್ನೆ ತೆಗೆಯುವಾಗ ಕಪ್ಪಿಟ್ಟಿರುತ್ತದೆ ಎಂದುಕೊಂಡು ಹುಣಸೆಹಣ್ಣು ನೆನೆಸಿಟ್ಟುಕೊಂಡೇ ಹೋಗಿದ್ದೆ. ಬಿಚ್ಚಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸುತ್ತಿದ ಬಟ್ಟೆಯೂ ಬೇರೆ. ಒಗೆದು ಮಡಿಸಿದ ಬಿಳಿ ಬಟ್ಟೆ. ಕ್ರಿಸ್‌ಮಸ್ಸಿಗೆ ಮುಂಚೆ ಗೋದಾಮಿನ ಪಾತ್ರೆಗಳನ್ನೆಲ್ಲ ತಿಕ್ಕಿ ಇಡಲು ನಾನು ಕರೆಸಿದ್ದು ಯಂಕಮ್ಮನನ್ನು, ಅವಳೊಬ್ಬಳನ್ನೇ. ತಿಕ್ಕಿ, ಸುತ್ತಿ, ಅದೇ ಟ್ರಂಕಿನಲ್ಲಿ ಮತ್ತೆ ಇಟ್ಟು ಹೋಗಿದ್ದಾಳೆ; ಹುಲಿಗೆಪ್ಪನಿಗೂ ಹೇಳಿದಂತಿಲ್ಲ. ಬಟ್ಟಲು ಎಲ್ಲಿತ್ತೆಂದು ಗೊತ್ತಿದ್ದೂ ನಿನ್ನೆ ನನಗೆ ಜಾಗ ಬಿಡಲು ಎದ್ದಳು.